ಸೋದರಮಾವನಿದ್ದ ಊರಲ್ಲಿ ಹೋಟೆಲ್ ಕೋಣೆ

ದೇವರು ಕೆಲವರಿಗೆ ಆಸ್ತಿ ಕೊಡುತ್ತಾನೆ, ಕೆಲವರಿಗೆ ಬುದ್ಧಿ ಕೊಡುತ್ತಾನೆ. ತಂತಾ ಊರಿನ ಬಯೂಮಿಗೆ ಅವನು ನೆಂಟರನ್ನು ಕೊಟ್ಟಿದ್ದ. ಅಲೆಕ್ಸಾಂಡ್ರಿಯಾದಲ್ಲಿ ಚಿಕ್ಕಪ್ಪ, ದಮಿಯೆತ್ತಾದಲ್ಲಿ ಅಕ್ಕ, ಸುಯೆಜ್‌ನಲ್ಲಿ ಹೆಂಡತಿಯ ತಮ್ಮ, ದೂರದ ಕೆನಾದಲ್ಲಿ ಸೋದರಮಾವ. ಈಜಿಪ್ಟಿನ ಭೂಪಟದ ಮೇಲೆ ಕಣ್ಣು ಮುಚ್ಚಿ ಬೆರಳಿಟ್ಟರೆ ಅಲ್ಲೊಬ್ಬ ನೆಂಟ ಬಯೂಮಿಗಾಗಿ ತಟ್ಟೆ ಹಾಕಿಕೊಂಡು ಕಾಯುತ್ತಿದ್ದ.

ಬಯೂಮಿ ತಕ್ಕಡಿ ಕಂಪನಿಯೊಂದರ ನೌಕರ. ಹಿಟ್ಟಿನ ಗಿರಣಿಗಳಿಗೂ ಸಕ್ಕರೆ ಕಾರ್ಖಾನೆಗಳಿಗೂ ಹೋಗಿ, ಅಲ್ಲಿ ಲಾರಿ ತೂಗುವ ದೊಡ್ಡ ತಕ್ಕಡಿಗಳು ಸುಳ್ಳು ಹೇಳುತ್ತಿದ್ದರೆ ಅವನ್ನು ತಿದ್ದಿ ಬರುವುದು ಅವನ ಕೆಲಸ. ಈ ಕೆಲಸದಲ್ಲಿ ಅವನಿಗಿಂತ ಜಾಣರು ಕಂಪನಿಯಲ್ಲಿ ಮೂವರಿದ್ದರು. ಆದರೂ ಊರೂರಿಗೆ ಅವನನ್ನೇ ಅಟ್ಟುತ್ತಿದ್ದರು. ಉಳಿದವರಿಗೆ ಹೋಟೆಲ್ ಕೋಣೆ ಮಾಡಬೇಕಾಗಿತ್ತು, ಬಯೂಮಿಗೆ ನೆಂಟರ ಮನೆ ಇತ್ತು.

ಈ ಸತ್ಯವನ್ನು ಕಂಡುಹಿಡಿದವರು ಮದಾಮ್ ಇನ್ಶಿರಾಹ್. ಕಂಪನಿಯ ಪ್ರಯಾಣ ಮತ್ತು ವಸತಿ ವಿಭಾಗದ ಮುಖ್ಯಸ್ಥೆಯೂ ಅವರೇ, ಆ ವಿಭಾಗದ ಒಟ್ಟು ಸಿಬ್ಬಂದಿಯೂ ಅವರೇ. ಹೋಟೆಲಿನವರ ಜೊತೆ ಅವರು ಚೌಕಾಶಿ ಮಾಡುತ್ತಿದ್ದರೆ ಕೇಳಲು ಪಕ್ಕದ ವಿಭಾಗದವರು ಕೆಲಸ ಬಿಟ್ಟು ಬರುತ್ತಿದ್ದರು. "ನೈಲ್ ಕಾಣೋ ಕಿಟಕಿ ನಮಗ್ಯಾಕೆ? ನಮ್ಮವರು ಬರೋದು ಮಲಗೋಕೆ. ಕಣ್ಣು ಮುಚ್ಚಿದ ಮೇಲೆ ನೈಲೂ ಒಂದೇ, ಚರಂಡಿಯೂ ಒಂದೇ. ಗೋಡೆ ಕಾಣೋ ಕೋಣೆ ಕೊಡಿ." ಫೋನಿನಲ್ಲಿ ಅವರ ದನಿ ತಂತಿಯ ಸಹಾಯವಿಲ್ಲದೆಯೇ ಆ ಊರು ತಲುಪುವಂತಿರುತ್ತಿತ್ತು.

ಅವರ ಗೋಡೆಯ ಮೇಲೊಂದು ಭೂಪಟ. ಅದರಲ್ಲಿ ಬಯೂಮಿಯ ನೆಂಟರಿದ್ದ ಕಡೆಯೆಲ್ಲ ಕೆಂಪು ಗುಂಡುಸೂಜಿ. ಅವರೇ ಬರೆದ ಏಳನೇ ನಿಯಮದ ಪ್ರಕಾರ, ಹೋದ ಊರಿನಲ್ಲಿ ನೆಂಟರಿದ್ದರೆ ಹೋಟೆಲ್ ಇಲ್ಲ. ಎಂಟನೇ ನಿಯಮ ಇನ್ನೂ ಗಟ್ಟಿ. ಮಾಡಿಸಿದ ಕೋಣೆಯಲ್ಲಿ ಯಾರೂ ಮಲಗದಿದ್ದರೆ ಅದರ ಬಾಡಿಗೆ ಸಂಬಳದಲ್ಲಿ ಕಡಿತ. ಇದನ್ನು ಪರೀಕ್ಷಿಸಲು ಅವರು ಬೆಳಿಗ್ಗೆ ಏಳಕ್ಕೆ ಸರಿಯಾಗಿ ಕೋಣೆಯ ಫೋನಿಗೇ ಕರೆ ಮಾಡುತ್ತಿದ್ದರು. ಮೊಬೈಲನ್ನು ಅವರು ನಂಬುತ್ತಿರಲಿಲ್ಲ. ಮೊಬೈಲು ಯಾರ ಹಾಸಿಗೆಯಿಂದಲಾದರೂ ಮಾತಾಡುತ್ತದೆ ಎನ್ನುವುದು ಅವರ ಅನುಭವ.

ಹೀಗೆ ಇಪ್ಪತ್ತೆರಡು ವರ್ಷ ಬಯೂಮಿ ಊರೂರು ಸುತ್ತಿದ, ಒಂದು ಊರಿನಲ್ಲೂ ನಿದ್ದೆ ಮಾಡಲಿಲ್ಲ. ಅಲೆಕ್ಸಾಂಡ್ರಿಯಾದಲ್ಲಿ ಚಿಕ್ಕಪ್ಪನ ಗೊರಕೆ. ದಮಿಯೆತ್ತಾದಲ್ಲಿ ಅಕ್ಕ ತನ್ನ ಗಂಡನ ಮೇಲಿನ ದೂರನ್ನು ಮದುವೆಯ ದಿನದಿಂದ ಶುರು ಮಾಡುತ್ತಿದ್ದಳು. ಕೆನಾದಲ್ಲಂತೂ ಒಂದೇ ಮಂಚದಲ್ಲಿ ಮಾವನ ಮೂವರು ಮೊಮ್ಮಕ್ಕಳು, ಒಟ್ಟು ಆರು ಮೊಣಕಾಲು. ಬಯೂಮಿಗೆ ಈ ಜನ್ಮದಲ್ಲಿ ಬೇಕಾಗಿದ್ದುದು ಇಷ್ಟೇ: ಒಂದು ಬಾಗಿಲು, ಅದಕ್ಕೆ ಒಳಗಿನಿಂದ ಚಿಲಕ, ಒಂದು ಬಿಳಿ ಹಾಸಿಗೆ, ಅದರ ಮೇಲೆ ತಾನೊಬ್ಬನೇ.

ಆದರೂ ಅವನು ಬಾಯಿ ಬಿಡುತ್ತಿರಲಿಲ್ಲವೇನೋ, ಮೂರನೇ ಮಹಡಿಯ ಉಮ್ಮು ವಜ್ದಿ ಮೆಟ್ಟಿಲ ಮೇಲೆ ಸಿಗದಿದ್ದರೆ.

"ಮತ್ತೆ ಹೊರಟ್ರಾ ಬಯೂಮಿ? ನಮ್ಮ ವಜ್ದೀನೂ ಕಂಪನಿ ಕೆಲಸಕ್ಕೆ ಹೋಗ್ತಾನೆ, ಹೋಟೆಲ್‌ನಲ್ಲೇ ಇಳಿಯೋದು. ನೀವು ಕೆಲಸಕ್ಕೆ ಹೋಗ್ತೀರೋ, ನೆಂಟರ ಮನೇಲಿ ಊಟಕ್ಕೆ ಹೋಗ್ತೀರೋ?"

"ಈ ಸಲ ಕೆನಾದಲ್ಲಿ ಹೋಟೆಲ್ಲೇ," ಎಂದುಬಿಟ್ಟ ಬಯೂಮಿ. "ನಾಲ್ಕು ನಕ್ಷತ್ರದ್ದು."

ಅವನು ಬೀದಿಗೆ ಇಳಿಯುವಷ್ಟರಲ್ಲಿ ಸುದ್ದಿ ಮೇಲಿನ ಮಹಡಿ ತಲುಪಿ ಅಕ್ಕಪಕ್ಕದ ಕಟ್ಟಡಕ್ಕೆ ದಾಟಿತ್ತು. ಇಸ್ತ್ರಿ ಅಂಗಡಿಯವನು "ಹೋಟೆಲ್‌ಗೆ ಹೋಗೋರ ಅಂಗಿ" ಎಂದು ಅವನ ಅಂಗಿಗೆ ಎರಡು ಸಲ ಇಸ್ತ್ರಿ ಹಾಕಿದ. ಇನ್ನು ಹಿಂದೆ ಸರಿಯುವಂತಿರಲಿಲ್ಲ. ಬಯೂಮಿ ಮದಾಮ್ ಇನ್ಶಿರಾಹ್ ಮುಂದೆ ಹೋಗಿ ನಿಂತ.

"ಕೆನಾದಲ್ಲಿ ಒಂದು ಕೋಣೆ ಬೇಕಿತ್ತು ಮದಾಮ್."

ಅವರು ತಲೆ ಎತ್ತಲಿಲ್ಲ. "ನಿಮ್ಮ ಸೋದರಮಾವ ಗಾದುಲ್‌ಕರೀಮ್. ಕಾರ್ಖಾನೆಯಿಂದ ಹತ್ತು ನಿಮಿಷ. ಮನೇಲಿ ಎಂಟು ಕೋಣೆ. ಯಾಕೆ, ಮನೆ ಬಿದ್ದುಹೋಯ್ತಾ?"

"ಇಲ್ಲ."

"ಬಿದ್ದಿದ್ರೆ ಪುರಸಭೆಯಿಂದ ಪತ್ರ ತನ್ನಿ. ಜಗಳ ಆಡಿದ್ರಾ?"

"ಇಲ್ಲ."

"ಆಡಿದ್ರೆ ರಾಜಿ ಮಾಡ್ಕೊಳ್ಳಿ. ನಮ್ಮೂರ ಕಡಲೆ ಮಿಠಾಯಿ ಒಂದು ಪೊಟ್ಟಣ ಕಂಪನಿ ಲೆಕ್ಕದಲ್ಲೇ ಕೊಡಿಸ್ತೀನಿ, ಹೋಟೆಲ್‌ಗಿಂತ ಅಗ್ಗ. ಮನೆ ಬಿದ್ದಿಲ್ಲ, ಜಗಳ ಇಲ್ಲ. ಇನ್ನು ಸಾವೊಂದೇ ಉಳಿದಿರೋ ಕಾರಣ."

"ಅದೇ ಮದಾಮ್," ಎಂದ ಬಯೂಮಿ.

"ಏನು ಅದೇ?"

"ಮಾವ ತೀರಿಕೊಂಡ್ರು."

ಆಡಿದ ಮೇಲೆ ಅವನ ಕಿವಿಯೇ ಅದನ್ನು ನಂಬಲಿಲ್ಲ. ಮದಾಮ್ ಇನ್ಶಿರಾಹ್ ಕನ್ನಡಕ ತೆಗೆದರು. ಖರ್ಚಿನ ವಿಷಯದಲ್ಲಿ ಕಲ್ಲಾದರೂ ಸಾವಿನ ವಿಷಯದಲ್ಲಿ ಅವರು ಬೆಣ್ಣೆ. ಎದ್ದು ಹೋಗಿ ಭೂಪಟದಲ್ಲಿದ್ದ ಕೆನಾದ ಗುಂಡುಸೂಜಿಯನ್ನು ತಾವೇ ಕಿತ್ತರು, ಮೂರು ರಾತ್ರಿಗೆ ಕೋಣೆ ಮಾಡಿಸಿದರು. ಗೋಡೆ ಕಾಣುವ ಕೋಣೆಯನ್ನೇ ಮಾಡಿಸಿದರು, ದುಃಖ ಬೇರೆ, ದುಂದು ಬೇರೆ. ಬಯೂಮಿ ಕಣ್ಣೊರೆಸಿಕೊಂಡು ಹೊರಬಂದ. ಆ ಕಣ್ಣೀರು ನಿಜವಾದದ್ದು, ಸಂತೋಷದ್ದು.

ಅವನಿಗೆ ತಿಳಿಯದ ಸಂಗತಿ ಒಂದಿತ್ತು. ಮಧ್ಯಾಹ್ನದ ಬಿಡುವಿನಲ್ಲಿ ಮದಾಮ್ ಇನ್ಶಿರಾಹ್ ತಾವೇ ಅಂಚೆ ಕಚೇರಿಗೆ ನಡೆದುಹೋಗಿ, ಸತ್ತವರ ಮನೆಗೆ ಕಂಪನಿ ಕಳಿಸುವ ವಾಡಿಕೆಯ ಸಂತಾಪದ ತಂತಿಯನ್ನು ಕೆನಾಕ್ಕೆ ಕಳಿಸಿದ್ದರು.

ಮರುದಿನ ರೈಲಿನಲ್ಲಿ ಬಯೂಮಿಗೆ ಕೂತಲ್ಲಿ ಕೂರಲಾಗಲಿಲ್ಲ. ಸಂಜೆಯ ಬಿಸಿಲಿರುವಾಗಲೇ ಕೆನಾದ ಹೋಟೆಲು ತಲುಪಿದ. ಕೌಂಟರಿನಲ್ಲಿದ್ದ ಮೀಲಾದ್ ಎಂಬ ಸಭ್ಯ ಗೃಹಸ್ಥ ಕೀಲಿ ಕೊಟ್ಟ. ಬಯೂಮಿ ಕೋಣೆಗೆ ಹೋಗಿ ಚಿಲಕ ಹಾಕಿದ, ತೆಗೆದ, ಮತ್ತೆ ಹಾಕಿದ. ಆ ಸದ್ದು ಅವನಿಗೆ ಬಹಳ ಹಿಡಿಸಿತು. ನಲ್ಲಿ ತಿರುಗಿಸಿದ, ಬಿಸಿನೀರು ಬಂತು. ಪುಟ್ಟ ಫ್ರಿಜ್ಜಿನ ಬಾಗಿಲು ತೆರೆದವನು, ನೋಡಿದ್ದಕ್ಕೂ ಬಾಡಿಗೆ ಹಾಕಿಯಾರೆಂದು ಕೂಡಲೇ ಮುಚ್ಚಿದ. ಕಿಟಕಿಯಾಚೆ ಗೋಡೆಯಿತ್ತು, ಅಂಥ ಚೆಂದದ ಗೋಡೆಯನ್ನು ಅವನು ಎಲ್ಲೂ ಕಂಡಿರಲಿಲ್ಲ. ಅಂಗಿ ಕಳಚಿ, ಬಿಳಿ ಹಾಸಿಗೆಯ ಮೇಲೆ ಒಂದು ಮೊಣಕಾಲು ಊರಿದ. ಫೋನು ಬಡಿದುಕೊಂಡಿತು.

"ಸರ್, ನಿಮ್ಮನ್ನ ನೋಡಾಕ ಮಂದಿ ಬಂದಾರ್ರೀ," ಎಂದ ಮೀಲಾದ್.

"ಎಷ್ಟು ಜನ?"

"ಹದಿನಾಲ್ಕರ ತನಕ ಎಣಿಸೇನ್ರೀ. ಇನ್ನೂ ಗಾಡಿಯಿಂದ ಇಳ್ಯಾಕತ್ತಾರ."

ಬಯೂಮಿ ಅಂಗಿಯ ಗುಂಡಿಗಳನ್ನು ತಪ್ಪು ಕಾಜಾಕ್ಕೆ ಹಾಕಿಕೊಂಡು ಕೆಳಗಿಳಿದ. ಹೋಟೆಲಿನ ಹಜಾರದ ತುಂಬ ನೆಂಟರು. ನಡುವೆ ನೀಳ ನಿಲುವಂಗಿ ತೊಟ್ಟು, ಬಿಳಿ ರುಮಾಲು ಸುತ್ತಿ, ಬದುಕಿರುವವನು ಎಷ್ಟು ನೆಟ್ಟಗೆ ನಿಲ್ಲಬಹುದೋ ಅಷ್ಟು ನೆಟ್ಟಗೆ ಗಾದ್ ಮಾವ ನಿಂತಿದ್ದ. ಕೈಯಲ್ಲಿ ತಂತಿ ಕಾಗದ. ಹಿಂದಿನ ಸೋಫಾದ ಮೇಲೆ ಅವನ ಹೆಂಡತಿ ನಬವಿಯ್ಯ ಅತ್ತೆ, ಕಪ್ಪು ಸೆರಗು ಹೊದ್ದು, ಕಾಲು ಚಾಚಿ ಕೂತಿದ್ದಳು.

"ಬಾ ಬಯೂಮಿ," ಎಂದ ಗಾದ್ ಮಾವ. "ನನ್ನ ಮಣ್ಣಿಗೆ ಬಂದೀಯೇನು? ತಡ ಆತು ನೋಡು, ಮಂದಿ ಹುಗದು ಹೋದ್ರು."

"ಮಾವ, ಅದು ಕಂಪನಿಯವರ..."

"ಕಂಪನಿಯವ್ರು ಭಾಳ ಛಲೋ ಮಂದಿ. 'ಅಲ್ಲಾಹನ ಕರುಣೆಗೆ ಸಂದ ಗಾದುಲ್‌ಕರೀಮರ ಅಗಲಿಕೆಯಿಂದ ನಮ್ಮ ತಕ್ಕಡಿಗಳೇ ವಾಲಿವೆ' ಅಂತ ಬರದಾರ. ನೀ ಯಾವ ಹೋಟೆಲ್‌ನ್ಯಾಗ ಇಳೀತೀ ಅನ್ನೂದೂ ಬರದಾರ. ಓದಿ ನನಗ ಕಣ್ಣಾಗ ನೀರು ಬಂತು. ನಾ ಸತ್ತದ್ದು ನಾಕು ಹಳ್ಳಿಗೆ ಗೊತ್ತಾಗೇತಿ. ಸತ್ತದ್ದಕ್ಕ ನನಗ ಬ್ಯಾಸರಿಲ್ಲ. ಸೋದರಳಿಯ ನನ್ನ ಊರಾಗ ಬಂದು ಹೋಟೆಲ್‌ನ್ಯಾಗ ಇಳದಾನಂದ್ರ, ಇನ್ನ ನಾ ಬದುಕಿ ಮಾಡೂದರ ಏನು?"

ಬಯೂಮಿ ಗೋಗರೆದ, ಒಂದು ನಕ್ಷತ್ರಕ್ಕೂ ಯೋಗ್ಯನಲ್ಲದವನಂತೆ ಕೈ ಜೋಡಿಸಿದ. ನಾಳೆ ಊಟಕ್ಕೆ ಬರುತ್ತೇನೆ, ನಾಡಿದ್ದೂ ಬರುತ್ತೇನೆ, ಮಲಗುವುದೊಂದು ಇಲ್ಲಿ ಆಗಲಿ ಎಂದ. ಗಾದ್ ಮಾವ ಬಲಗೈ ಮೇಲೆತ್ತಿದ. ಆ ಕೈ ಕಂಡದ್ದೇ ನೆಂಟರೆಲ್ಲ ಸುಮ್ಮನಾದರು.

"ಮೂರು ತಲಾಕಿನ ಆಣಿ. ಕೆನಾದಾಗ ಇರೂತನಕ ನೀ ನನ್ನ ಸೂರು ಬಿಟ್ಟು ಬ್ಯಾರೆ ಸೂರಿನ ಕೆಳಗ ಮಲಗಿದ್ರ, ನಬವಿಯ್ಯ ನನಗ ಹೆಂಡ್ತಿ ಅಲ್ಲ."

ಗಾದ್ ಮಾವ ಹೆಂಡತಿಯೊಂದಿಗೆ ಜಗಳವಾಡಿದ್ದ ಎಂದು ಯಾರೂ ತಿಳಿಯಬಾರದು. ಅತಿಥಿಯನ್ನು ತಡೆಯಲು ಅವನ ಬಾಯಲ್ಲಿ ಈ ಆಣೆ ತಾನಾಗಿಯೇ ಬರುತ್ತಿತ್ತು. ನಲವತ್ತೊಂದು ವರ್ಷಗಳಲ್ಲಿ ಅವನು ನಬವಿಯ್ಯಳ ಮದುವೆಯನ್ನು ಅಕ್ಕಿ ತುಂಬಿ ಬೇಯಿಸಿದ ಪಾರಿವಾಳಕ್ಕೆ, ಎರಡನೇ ಲೋಟ ಚಹಾಕ್ಕೆ, ನಿಲ್ದಾಣದವರೆಗಿನ ಗಾಡಿ ಬಾಡಿಗೆಗೆ ಪಣವಿಟ್ಟಿದ್ದ. ಪ್ರತಿ ಸಲವೂ ಅತಿಥಿ ಸೋತು, ತಿಂದು, ಆ ಮದುವೆಯನ್ನು ಉಳಿಸಿಕೊಟ್ಟಿದ್ದ.

ಈ ಸಲವೂ ಬಯೂಮಿ ಸೋಲುವುದಕ್ಕೆ ಸಿದ್ಧನಿದ್ದ. ಅಷ್ಟರಲ್ಲಿ ಮೀಲಾದ್ ಕೆಮ್ಮಿದ. "ಒಂದು ಮಾತು ಸರ್. ನಿಮ್ಮ ಕಂಪನಿಯ ಮದಾಮ್ ಬೆಳಿಗ್ಗೆ ಏಳಕ್ಕ ಕೋಣಿಗೆ ಫೋನ್ ಮಾಡ್ತಾರ. ಯಾರೂ ಎತ್ತಲಿಲ್ಲಂದ್ರ ಮೂರೂ ರಾತ್ರಿ ಬಾಡಿಗಿ ನಿಮ್ಮ ಪಗಾರದಾಗ ಕಡೀತಾರಂತ. ಎರಡು ಸಲ ಹೇಳ್ಯಾರ, ನನ್ನ ಕಿವಿ ಇನ್ನೂ ಗುಂಯ್ಯನ್ನಾಕತ್ತೇತಿ."

ಬಯೂಮಿಗೆ ಕುಳಿತುಕೊಳ್ಳಬೇಕೆನಿಸಿತು, ಆದರೆ ಹಜಾರದ ಕುರ್ಚಿಗಳ ಮೇಲೆಲ್ಲ ನೆಂಟರು ಕೂತಿದ್ದರು. ಇಲ್ಲಿ ಮಲಗಿದರೆ ಅತ್ತೆಯ ಮದುವೆ ಮುರಿಯುತ್ತದೆ, ಅಲ್ಲಿ ಮಲಗಿದರೆ ತಿಂಗಳ ಸಂಬಳ ಮುಳುಗುತ್ತದೆ.

"ಈ ಹೋಟೆಲ್ ಎಷ್ಟಕ್ಕ ಕೊಡ್ತೀರಿ?" ಎಂದು ಗಾದ್ ಮಾವ ಮೀಲಾದನನ್ನು ಕೇಳಿದ. "ತಗೊಂಡ್ರ ಇದೂ ನನ್ನ ಸೂರ ಆಗತೈತಿ."

"ಮಾಲಕರು ಕೈರೋದಾಗ ಇರ್ತಾರ್ರೀ," ಎಂದ ಮೀಲಾದ್.

ಸಂಜೆಯ ಮಗ್ರಿಬ್ ನಮಾಜು ಮುಗಿದದ್ದೇ ಶೇಖ್ ಹಿಫ್ನಿಯನ್ನು ಕರೆತಂದರು. ಊರ ಮಸೀದಿಯ ಹಿರಿಯರು, ಗಾದ್ ಮಾವನ ಆಣೆಗಳನ್ನು ಬಿಡಿಸಿ ಬಿಡಿಸಿಯೇ ಗಡ್ಡ ಬೆಳ್ಳಗಾದವರು. ಅವರು ಎಲ್ಲ ಕೇಳಿ ತೀರ್ಪು ಕೊಟ್ಟರು: "ನಿನ್ನ ಮನಸಿನ್ಯಾಗ ಹೆಂಡ್ತಿ ಬಿಡೂ ವಿಚಾರ ಇರಲಿಲ್ಲ. ಒತ್ತಾಯ ಮಾಡಾಕ ಆಡಿದ ಮಾತು. ತಲಾಕ್ ಆಗೂದಿಲ್ಲ. ಹತ್ತು ಮಂದಿ ಬಡವ್ರಿಗೆ ಉಣಿಸಿಬಿಡು."

"ಅಂದ್ರ ನನ್ನ ಮಾತಿಗೆ ತೂಕಿಲ್ಲಂತೀರೇನು?"

"ತೂಕ ಐತಿ."

"ಹಂಗಾರ ತಲಾಕ್ ಆಗತೈತಿ."

"ಆಗೂದಿಲ್ಲ."

"ಹಂಗಾರ ತೂಕಿಲ್ಲ. ತೂಕಿಲ್ಲದ ಮಾತಾಡಾವಗ ನಾಳೆ ಊರಾಗ ಯಾರು ಮಗಳನ್ನ ಕೊಡ್ತಾರ?"

"ನಿನಗ ಇನ್ನ ಮಗಳು ಯಾಕ ಬೇಕು?"

"ಮೊಮ್ಮಕ್ಕಳಿಗೆ."

ಈ ಚರ್ಚೆ ಮೂರು ಸುತ್ತು ತಿರುಗಿತು. ತಕ್ಕಡಿ ತಿದ್ದುವುದನ್ನೇ ವೃತ್ತಿ ಮಾಡಿಕೊಂಡಿದ್ದ ಬಯೂಮಿಗೂ ಆ ಮಾತಿನ ತೂಕ ಎಲ್ಲಿ ನಿಲ್ಲುತ್ತದೆಂದು ತಿಳಿಯಲಿಲ್ಲ. ನಾಲ್ಕನೇ ಸುತ್ತಿಗೆ ಶೇಖರು ಬಾಯಿ ತೆರೆಯುವಷ್ಟರಲ್ಲಿ ಸೋಫಾದಿಂದ ಒಂದು ದನಿ ಬಂತು.

"ಕೀಲಿ ಇಲ್ಲಿ ಕೊಡು."

ಎಲ್ಲರೂ ತಿರುಗಿದರು. ಅಷ್ಟು ಹೊತ್ತು ಯಾರ ಮದುವೆಯ ಬಗ್ಗೆ ಮಾತು ನಡೆದಿತ್ತೋ ಆಕೆಯೂ ಅಲ್ಲೇ ಕೂತಿದ್ದಾಳೆಂಬುದು ಆಗ ನೆನಪಾಯಿತು.

"ಯಾಕ?" ಎಂದ ಗಾದ್ ಮಾವ.

"ನಾ ಮಲಗತೀನಿ," ಎಂದಳು ನಬವಿಯ್ಯ ಅತ್ತೆ. "ಬಯೂಮಿ ನಿನ್ನ ಸೂರಿನ ಕೆಳಗ ಮಲಗಲಿ, ನಿನ್ನ ಆಣಿ ಉಳೀತೈತಿ. ನಾ ಈ ಕೋಣ್ಯಾಗ ಮಲಗತೀನಿ, ಅವನ ಪಗಾರ ಉಳೀತೈತಿ."

"ಹೆಣ್ಮಗಳು ಒಬ್ಬಾಕಿನ, ಹೋಟೆಲ್‌ನ್ಯಾಗ?"

"ನನ್ನ ಮದುವಿ ಪಣಕ್ಕಿಡುವಾಗ ನನ್ನ ಕೇಳಿದ್ಯೇನು? ಈಗ್ಯಾಕ ಕೇಳತಿ? ನಲವತ್ತೊಂದು ವರ್ಷ ಬಂದವ್ರಿಗೆಲ್ಲಾ ಹಾಸಿಗಿ ಹಾಸೀನಿ. ನೀ ಕೈ ಎತ್ತಿದಾಗೊಮ್ಮೆ ನಾ ರೊಟ್ಟಿ ಹಿಟ್ಟು ಕಲಸೀನಿ. ನನಗೊಬ್ರರ ಹಾಸಿ ಕೊಟ್ಟಾರೇನು? ಶೇಖ್ ಸಾಹೇಬ್ರ, ನೀವ ಹೇಳ್ರಿ, ಇದರಾಗ ಪಾಪ ಏನೈತಿ?"

ಶೇಖ್ ಹಿಫ್ನಿ ಗಡ್ಡ ನೀವಿಕೊಂಡು, ಪಾಪವೇನೂ ಕಾಣುತ್ತಿಲ್ಲ, ತಾವಿನ್ನೂ ಊಟ ಮಾಡಿಲ್ಲ ಎಂದರು. ಮೀಲಾದ್ ಗುರುತಿನ ಚೀಟಿ ಕೇಳಿದ. ಅತ್ತೆ ಸೆರಗಿನ ಗಂಟಿನಿಂದ ತೆಗೆದುಕೊಟ್ಟಳು. ಬಯೂಮಿ ಕೀಲಿ ಕೊಡಬೇಕಾಯಿತು. ಕೊಡುವಾಗ ಅವನಿಗೆ ನಿಜಕ್ಕೂ ಅಳು ಬಂತು, ಜೊತೆಗೆ ನಾಚಿಕೆಯೂ ಆಯಿತು. ಇಪ್ಪತ್ತೆರಡು ವರ್ಷ ಆ ಮನೆಯಲ್ಲಿ ತನಗೆ ನಿದ್ದೆಯಿಲ್ಲ ಎಂದು ಕೊರಗಿದ್ದನೇ ಹೊರತು, ತನಗಾಗಿ ಎದ್ದಿದ್ದವರು ಯಾವಾಗ ಮಲಗುತ್ತಿದ್ದರೆಂದು ಒಮ್ಮೆಯೂ ಯೋಚಿಸಿರಲಿಲ್ಲ.

ಆ ರಾತ್ರಿ ಬಯೂಮಿ ಯಾರ ಮೊಣಕಾಲುಗಳ ನಡುವೆ ಇದ್ದನೆಂದು ಮತ್ತೆ ಹೇಳಬೇಕಾಗಿಲ್ಲ. ಬೆಳಿಗ್ಗೆ ಏಳಕ್ಕೆ ಹತ್ತು ನಿಮಿಷವಿರುವಾಗ ಅವನೂ ಗಾದ್ ಮಾವನೂ ಓಡುತ್ತ ಬಂದು ಕೋಣೆಯ ಬಾಗಿಲು ತಟ್ಟಿದರು. ಒಳಗೆ ಸದ್ದಿಲ್ಲ. ಹಿಡಿಕೆಗೆ 'ತೊಂದರೆ ಕೊಡಬೇಡಿ' ಎಂಬ ಚೀಟಿ ತೂಗಿತ್ತು. ಗಾದ್ ಮಾವ ಅದನ್ನು ಎರಡು ಸಲ ಓದಿ, ಕೈ ಹಿಂದಕ್ಕೆಳೆದುಕೊಂಡು, ಗೋಡೆಗೊರಗಿ ನಿಂತ. ಏಳಕ್ಕೆ ಸರಿಯಾಗಿ ಒಳಗೆ ಫೋನು ಬಡಿದುಕೊಂಡಿತು. ಎಂಟು ಸಲ ಬಡಿದ ಮೇಲೆ ಅತ್ತೆ ಎತ್ತಿ 'ಯಾರ್ರೀ' ಎಂದಳು. ಮದಾಮ್ ಇನ್ಶಿರಾಹ್ ಮಾತು ಬಾಗಿಲಾಚೆಗೂ ಸ್ಪಷ್ಟವಾಗಿ ಕೇಳುತ್ತಿತ್ತು.

"ಯಾರದು? ಹೆಂಗಸಿನ ದನಿ. ಇದು ಬಯೂಮಿ ಕೋಣೆ ಅಲ್ವಾ?"

"ಹೌದವ್ವಾ. ನಾ ಗಾದುಲ್‌ಕರೀಮನ ಹೆಂಡ್ತಿ."

ಕೂಡಲೇ ಮದಾಮ್ ದನಿ ಬೆಣ್ಣೆಯಾಯಿತು. "ಅಯ್ಯೋ ತಾಯಿ. ದೇವರು ನಿಮಗೆ ಸಹನೆ ಕೊಡ್ಲಿ. ಅವರು ಇದ್ದ ಮನೇಲಿ ಇರೋಕಾಗದೆ ಇಲ್ಲಿಗೆ ಬಂದ್ರಾ?"

"ಅವ ಸತ್ತಿಲ್ಲವ್ವಾ. ಈ ಬಾಗಿಲ ಹೊರಗ ನಿಂತು ಉಸಿರು ಬಿಡಾಕತ್ತಾನ, ನನಗ ಕೇಳಸ್ತೈತಿ. ಬಯೂಮಿ ಒಂದು ಹಾಸಿಗಿ ಆಸೆಕ ಸುಳ್ಳು ಹೇಳ್ಯಾನ." ಅತ್ತೆ ನಡೆದುದೆಲ್ಲವನ್ನೂ ಒಂದೂ ಬಿಡದೆ ಹೇಳಿದಳು, ಕೊನೆಗೆ ಕೇಳಿದಳು: "ನೀ ಮಂದಿಗೆಲ್ಲಾ ಹೋಟೆಲ್ ಕೋಣಿ ಮಾಡ್ಸಿಕೊಡಾಕಿ ಅಂತಲ್ಲ. ನೀ ಎಂದರ ಮಲಗೀಯೇನು?"

ತಂತಾದಿಂದ ಬಂದ ದನಿ ಮೊದಲ ಬಾರಿಗೆ ತಗ್ಗಿತ್ತು. ಹೊರಗಿದ್ದವರು ಬಾಗಿಲಿಗೆ ಕಿವಿಯೊತ್ತಬೇಕಾಯಿತು.

"ಇಲ್ಲ ಅಕ್ಕ. ಇಪ್ಪತ್ತೈದು ವರ್ಷದಲ್ಲಿ ಒಂದು ಸಲವೂ ಇಲ್ಲ. ಹಾಸಿಗೆ ಹೇಗಿದೆ?"

"ನಡುವ ಮಲಗಿದ್ರ ಕೈ ಚಾಚಿದ್ರೂ ಅಂಚು ಸಿಗೂದಿಲ್ಲ."

"ಬೆಳಗಿನ ತಿಂಡಿ ಬಾಡಿಗೇಲೇ ಸೇರಿದೆ, ಬಿಡಬೇಡಿ. ಮೂರು ರಾತ್ರೀನೂ ನೀವೇ ಇರಿ. 'ನೌಕರನ ಕುಟುಂಬದ ದುಃಖದ ನಿಮಿತ್ತ' ಅಂತ ಬರ್ಕೋತೀನಿ."

"ಯಾರ ದುಃಖ ಅಂತ ಕೇಳಿದ್ರ?"

"ಬಯೂಮಿಯದು. ಅವನು ತಂತಾಕ್ಕೆ ಬರಲಿ, ಶುರುವಾಗುತ್ತೆ."

ಆದರೆ ಅವನ ದುಃಖ ತಂತಾದವರೆಗೆ ಕಾಯಲಿಲ್ಲ. ಅವರಿಬ್ಬರೂ ಮನೆಗೆ ಹಿಂದಿರುಗುವಾಗ ಮಾವನ ಸೊಸೆಯರಿಬ್ಬರು ಮಕ್ಕಳು ಮರಿ ಕಟ್ಟಿಕೊಂಡು ಬಾಗಿಲಲ್ಲೇ ಎದುರಾದರು. ಅತ್ತೆಯವರೇ ವಿಶ್ರಾಂತಿಗೆ ಹೋದ ಮೇಲೆ ತಮಗೂ ತವರು ನೆನಪಾಯಿತಂತೆ. ಗಂಡುಮಕ್ಕಳು ಕಾರ್ಖಾನೆಯ ಪಾಳಿಗೆ ಹೋದರು. ಎಂಟು ಕೋಣೆಯ ಮನೆಯಲ್ಲಿ ಉಳಿದವರು ಮಾವ ಅಳಿಯ ಇಬ್ಬರೇ.

ಆಗ ಬರತೊಡಗಿದರು, ಸಂತಾಪಕ್ಕೆ ಬಂದವರು. ತಂತಿಯ ಸುದ್ದಿ ನಾಲ್ಕು ಹಳ್ಳಿಗಳಿಂದ ಹದಿನಾಲ್ಕು ಹಳ್ಳಿಗೆ ಹಬ್ಬಿತ್ತು. ಸತ್ತವನೇ ಬಾಗಿಲಲ್ಲಿ ನಿಂತು "ಬರ್ರಿ, ಕೂಡ್ರಿ" ಅಂದಾಗ ಕೆಲವರು ಬೆಚ್ಚಿದರು, ಒಬ್ಬ ಮುದುಕ ಬಂದದ್ದು ವ್ಯರ್ಥವಾಯಿತೆಂದು ಮುನಿಸಿಕೊಂಡ. ಆದರೆ ಬಂದವರು ಯಾರೂ ಕಾಫಿ ಕುಡಿಯದೆ ಏಳಲಿಲ್ಲ. ದೂರದಿಂದ ಬಂದವರಿಗೆ ಊಟವಾಗಬೇಕು, ಇನ್ನೂ ದೂರದವರಿಗೆ ಹಾಸಿಗೆಯಾಗಬೇಕು. ಗಾದ್ ಮಾವ ಅಭ್ಯಾಸಬಲದಿಂದ ಕೈ ಎತ್ತಿ ಆಣೆ ಹಾಕುತ್ತಿದ್ದ, ಹಾಕಿದ ಮೇಲೆ ತಾನೇ ಅಡುಗೆಮನೆಗೆ ಓಡುತ್ತಿದ್ದ.

ಬಯೂಮಿ ಬೆಳಗಿನ ಹೊತ್ತು ಕಾರ್ಖಾನೆಯ ತಕ್ಕಡಿ ತಿದ್ದಿ ಬಂದು, ಮಧ್ಯಾಹ್ನದಿಂದ ಕಾಫಿ ಕಾಸಿದ, ಅವರೆಬೀಜ ಬೇಯಿಸಿದ, ಬಿಸಿಲಿಗೆ ಉಬ್ಬಲಿಟ್ಟ ರೊಟ್ಟಿಯನ್ನು ಕೋಳಿಗಳಿಂದ ಕಾಯ್ದ, ಹನ್ನೊಂದು ಹಾಸಿಗೆ ಹಾಸಿದ, ಮಡಚಿದ, ಮತ್ತೆ ಹಾಸಿದ. ಎರಡನೇ ದಿನ ಗಾದ್ ಮಾವ ಪಾತ್ರೆ ಬೂದಿ ಹಾಕಿ ತಿಕ್ಕುತ್ತ ತಲೆಯೆತ್ತದೆ ಕೇಳಿದ:

"ಬಯೂಮಿ, ಅಲ್ಲೆ ಆಕಿಗೆ ಮುಂಜಾನೆ ನಾಷ್ಟಾ ಯಾರು ಮಾಡಿಕೊಡ್ತಾರ?"

"ಬೇರೆಯವರು ಮಾವ."

"ತಟ್ಟಿ ತೊಳೆಯೂದು?"

"ಅದೂ ಬೇರೆಯವರೇ."

ಗಾದ್ ಮಾವ ಕೈಯಲ್ಲಿದ್ದ ಪಾತ್ರೆಯನ್ನು ಬಹಳ ಹೊತ್ತು ತಿಕ್ಕಿದ. "ನಲವತ್ತೊಂದು ವರ್ಷ," ಎಂದ. "ಒಂದು ದಿನ ಹೇಳಲಿಲ್ಲ ನೋಡು ಆಕಿ." ಬಯೂಮಿ ಇನ್ನೊಂದು ಪಾತ್ರೆ ಮುಂದಕ್ಕೆ ತಳ್ಳಿದ.

ಮೂರನೇ ದಿನ ಸಂಜೆ ಕೊನೆಯ ಅತಿಥಿಯನ್ನೂ ಸಾಗಹಾಕಿ, ಇಬ್ಬರೂ ಹೊಸ್ತಿಲ ಮೇಲೆ ಕೂತು ಕಾಲು ಚಾಚಿದ್ದರು. ಅಷ್ಟರಲ್ಲಿ ಬಾಗಿಲ ಮುಂದೆ ಒಂದು ಬಾಡಿಗೆ ಕಾರು ಬಂದು ನಿಂತಿತು. ಲುಕ್ಸರ್‌ನ ಹಳೆಯ ಗೆಳೆಯನೊಬ್ಬ, ಸಂಸಾರ ಸಮೇತ, ಒಟ್ಟು ಏಳು ಮಂದಿ. ಗೆಳೆಯ ಇಳಿದು ಬಂದು ಗಾದ್ ಮಾವನನ್ನು ಮುಟ್ಟಿ ಮುಟ್ಟಿ ನೋಡಿ, ಬದುಕಿದ್ದಾನೆಂದು ಖಾತ್ರಿಯಾದ ಮೇಲೆ ತಬ್ಬಿಕೊಂಡು ಅತ್ತ. ಆಮೇಲೆ ಕಣ್ಣೊರೆಸಿಕೊಂಡು, ಮರ್ಯಾದೆಗೆ ಎಲ್ಲರೂ ಹೇಳುವಂತೆ ಹೇಳಿದ: "ನಿನ್ನ ನೋಡಿದೆ, ಸಾಕು. ನಾವು ಇನ್ನ ಹೊರಡ್ತೀವಿ."

ಗಾದ್ ಮಾವನ ಬಲಗೈ ತಾನಾಗಿಯೇ ಮೇಲೆದ್ದಿತು. ಅವನು ಕಾರಿನಿಂದ ಇಳಿಯುತ್ತಿದ್ದ ಏಳು ಮಂದಿಯನ್ನು ನೋಡಿದ, ತಿರುಗಿ ಒಳಗೆ ತೊಳೆದು ಬೋರಲು ಹಾಕಿದ್ದ ಪಾತ್ರೆಗಳನ್ನು ನೋಡಿದ, ಆಗಲೇ ಪೊರಕೆ ಹಿಡಿದು ಎದ್ದು ನಿಂತಿದ್ದ ಬಯೂಮಿಯನ್ನು ನೋಡಿದ. ಎತ್ತಿದ ಕೈ ಗಾಳಿಯಲ್ಲಿ ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಅದು ಮೆಲ್ಲಗೆ ನೈಲ್ ದಂಡೆಯ ಕಡೆಗೆ ತಿರುಗಿತು.

"ಆ ಕಡೆ ಒಂದು ಹೋಟೆಲ್ ಐತಿ," ಎಂದ ಗಾದ್ ಮಾವ. "ಹಾಸಿಗಿ ಅಗದೀ ಅಗಲ. ಮುಂಜಾನೆ ನಾಷ್ಟಾ ಅವ್ರದ."